ಇಂಗ್ಲಿಷಲ್ಲಿ ಕಾಮಾ ಎಲ್ಲಿ, ಸೆಮಿಕೋಲನ್ ಎಲ್ಲಿ? ಕನ್ನಡ ಮೀಡಿಯಮ್ಮಲ್ಲಿ ಕಲಿತವರು ಸ್ವಲ್ಪ ಹೇಳಿ

ಬದಿಯಡ್ಕದವಳು
ಶನಿವಾರ, ರಾತ್ರಿ 8.50

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಪುರುಸೊತ್ತಲ್ಲಿ ಓದಿ. ನಾನು ಹತ್ತನೇ ಕ್ಲಾಸಿನವರೆಗೆ ಊರಿನ ಶಾಲೆಯಲ್ಲೇ ಕನ್ನಡ ಮೀಡಿಯಂ, ಆಮೇಲೆ ಪ್ಲಸ್ ಟು, ಬಿಕಾಂ. ಈಗ ಎರಡು ವರ್ಷದಿಂದ ಮಂಗಳೂರಲ್ಲಿ ಒಂದು ಅಡಿಕೆ ವ್ಯಾಪಾರದ ಆಫೀಸಲ್ಲಿ ಕೆಲಸ, ದಿನಾ ಕುಂಬಳೆಯಿಂದ ಟ್ರೈನಲ್ಲಿ ಹೋಗಿ ಬರೋದು. ತಿಂಗಳ ಕೊನೆಗೆ ಇಂಗ್ಲಿಷಲ್ಲಿ ಒಂದು ರಿಪೋರ್ಟ್ ಬರೀಬೇಕು, ಗುಜರಾತಿನ ಪಾರ್ಟಿಗಳಿಗೂ ಅದೇ ಹೋಗ್ತದೆ. ಸ್ಪೆಲ್ಲಿಂಗ್ ತಪ್ಪು ಬರೋದಿಲ್ಲ, ಟೆನ್ಸೂ ಹೆಚ್ಚುಕಮ್ಮಿ ಸರಿಯೇ ಇರ್ತದೆ. ಈ ಸಲ ಮ್ಯಾನೇಜರ್ ಅದನ್ನು ಪ್ರಿಂಟ್ ತೆಗೆದು ಕೆಂಪು ಪೆನ್ನಲ್ಲಿ ಸುತ್ತು ಹಾಕಿ ನನ್ನ ಟೇಬಲ್ ಮೇಲೆ ಇಟ್ಟಿದ್ರು. ಎರಡು ಪುಟಕ್ಕೆ ಹದಿನಾಲ್ಕು ಸುತ್ತು, ಒಂದೆರಡು ಬಿಟ್ಟರೆ ಎಲ್ಲ ಕಾಮಾಗಳಿಗೇ. ಯಾಕೆ ತಪ್ಪು ಅಂತ ಒಂದಕ್ಕೂ ಬರೆದಿಲ್ಲ. ಕೇಳಿದ್ದಕ್ಕೆ ಎಲ್ಲರೆದುರು "ಕನ್ನಡ ಮೀಡಿಯಂ ಅಲ್ವಾ ನೀನು" ಅಂದ್ರು, ಅಷ್ಟೇ. ಟ್ರೈನಲ್ಲಿ ಬರುವಾಗ ಆ ಕಾಗದ ತೆಗೆದು ನೋಡ್ತಾ ಇದ್ದೆ, ಉಳ್ಳಾಲ ದಾಟಿ ಮಂಜೇಶ್ವರ ಬಂದ್ರೂ ಒಂದು ಸುತ್ತಿನ ಕಾರಣವೂ ಹೊಳೀಲಿಲ್ಲ.

ನಾಲ್ಕು ವಾಕ್ಯ ಇಲ್ಲಿ ಹಾಕ್ತೇನೆ, ಎಲ್ಲರಿಗೂ ಓದ್ಲಿಕ್ಕೆ ಸುಲಭ ಆಗ್ಲಿ ಅಂತ ಕನ್ನಡ ಅಕ್ಷರದಲ್ಲೇ.

"ದ ಲಾರಿ ಕೇಮ್ ಲೇಟ್, ದ ವರ್ಕರ್ಸ್ ಹ್ಯಾಡ್ ಗಾನ್ ಹೋಮ್, ವಿ ಅನ್‌ಲೋಡೆಡ್ ದ ಬ್ಯಾಗ್ಸ್ ದ ನೆಕ್ಸ್ಟ್ ಡೇ."

"ದ ರೇಟ್ ರೋಸ್ ಇನ್ ಜೂನ್, ಹೌವೆವರ್ ದ ಫಾರ್ಮರ್ಸ್ ಡಿಡ್ ನಾಟ್ ಸೆಲ್."

"ದ ಬ್ಯಾಗ್ಸ್ ವಿಚ್ ವರ್ ವೆಟ್, ವರ್ ರಿಟರ್ನ್ಡ್."

"ದ ಗ್ರೇಡ್ಸ್ ವಿ ಬಾಟ್ ಆರ್: ಹೊಸ ಚಾಲಿ, ಹಳೆ ಚಾಲಿ, ಪಟೋರ ಆಂಡ್ ಕರಿಗೋಟು."

ಓದುವಾಗ ಎಲ್ಲಿ ನಿಲ್ಲಿಸ್ತೇವೋ ಅಲ್ಲಿ ಕಾಮಾ ಅಂತಲೇ ನಮಗೆ ಕಲಿಸಿದ್ದು. ನಾನು ಹಾಗೆಯೇ ಹಾಕಿದ್ದೇನೆ. ಎಂತ ತಪ್ಪಾಗಿದೆ ಹೇಳಿ.

ನೀರ್ಚಾಲಿನ ತೋಟ
ಶನಿವಾರ, ರಾತ್ರಿ 9.05

ನನಗೆ ನಾಲ್ಕೂ ಸರಿಯೇ ಕಾಣ್ತದೆ ತಂಗಿ. ಅರ್ಥ ಆಗ್ತದಲ್ಲ, ಮತ್ತೆಂತ ಬೇಕು ಅವರಿಗೆ.

ಉಪ್ಪಳ ಟು ಶಾರ್ಜಾ
ಶನಿವಾರ, ರಾತ್ರಿ 9.12

ಎಲ್ಲರೆದುರು ಹಾಗೆ ಹೇಳಿದ್ದು ಸರಿ ಅಲ್ಲ, ಅದು ಮೊದಲು. ಮತ್ತೆ ಈಗ ಫೋನಲ್ಲೇ ಗ್ರಾಮರ್ ಆಪ್ ಉಂಟು, ಪೇಸ್ಟ್ ಮಾಡಿದ್ರೆ ಸರಿ ಮಾಡಿ ಕೊಡ್ತದೆ, ನಾನು ಇಲ್ಲಿ ಮೈಲ್ ಎಲ್ಲ ಹಾಗೆಯೇ ಕಳಿಸೋದು. ಅಷ್ಟು ತಲೆ ಕೆಡಿಸ್ಬೇಡಿ.

ಕುಂಬಳೆ ಮಾಷ್ಟ್ರು
ಶನಿವಾರ, ರಾತ್ರಿ 10.20

ಮಗಳೇ, ಮೊದಲು ಒಂದು ಮಾತು ಹೇಳ್ತೇನೆ. ನಿನ್ನ ಮೊದಲನೇ ವಾಕ್ಯದಲ್ಲಿ ಇರುವ ತಪ್ಪು ಇಂಗ್ಲಿಷ್ ಬಾರದೆ ಆದದ್ದಲ್ಲ, ಕನ್ನಡ ಚೆನ್ನಾಗಿ ಬಂದದ್ದರಿಂದ ಆದದ್ದು. ನಾನು ಮೂವತ್ತೊಂದು ವರ್ಷ ಇಂಗ್ಲಿಷ್ ಪಾಠ ಮಾಡಿದವ, ಕನ್ನಡ ಮೀಡಿಯಂ ಮಕ್ಕಳಿಗೂ ಮಾಡಿದ್ದೇನೆ, ಮಲಯಾಳ ಮೀಡಿಯಂ ಮಕ್ಕಳಿಗೂ ಮಾಡಿದ್ದೇನೆ, ಎರಡೂ ಕಡೆ ಇದೇ ತಪ್ಪು ಇದೇ ಜಾಗದಲ್ಲಿ ಬರ್ತಿತ್ತು. ಯಾಕೆ ಅಂತ ನೋಡು. "ಲಾರಿ ತಡವಾಗಿ ಬಂತು, ಆಳುಗಳು ಮನೆಗೆ ಹೋಗಿದ್ರು, ಮೂಟೆ ಮರುದಿನ ಇಳಿಸಿದೆವು." ಕನ್ನಡದಲ್ಲಿ ಇದಕ್ಕಿಂತ ಚೆಂದದ ವಾಕ್ಯ ಬೇಕಾ? ಒಂದರ ಹಿಂದೆ ಒಂದು ಸಂಗತಿ, ನಡುವೆ ಕಾಮಾ, ಮುಗೀತು. ಇನ್ನೂ ಬಿಗಿ ಬೇಕಾದ್ರೆ ಬಂದು, ಹೋಗಿ, ನೋಡಿ ಅಂತ ಕ್ರಿಯಾಪದದ ಬಾಲ ತಿರುಗಿಸಿದ್ರಾಯ್ತು, ಎಷ್ಟು ಉದ್ದಕ್ಕೆ ಬೇಕಾದ್ರೂ ಕಟ್ಟಬಹುದು. ಮಲಯಾಳದಲ್ಲಿ ಪೋಯಿ, ವನ್ನು. ತುಳುವಿನಲ್ಲಿ ಪೋದು. ನಮ್ಮ ಭಾಷೆಗಳಲ್ಲೆಲ್ಲ ಕೊಂಡಿ ಕ್ರಿಯಾಪದದ ಒಳಗೇ ಇರ್ತದೆ. ಇಂಗ್ಲಿಷಲ್ಲಿ ಕೇಮ್, ವೆಂಟ್, ಅನ್‌ಲೋಡೆಡ್ ಅಂತ ಮೂರು ಪೂರ್ಣ ಕ್ರಿಯಾಪದ ಬಂದ್ರೆ ಮೂರು ಬೇರೆ ಬೇರೆ ವಾಕ್ಯಗಳೇ, ಕೊಂಡಿಯನ್ನು ನಾವು ಹೊರಗಿಂದ ತಂದು ನಡುವೆ ಹಾಕ್ಬೇಕು, ಆ ಕೊಂಡಿಯ ಕೆಲಸ ಕಾಮಾ ಒಂದರಿಂದ ಆಗೋದಿಲ್ಲ.

ಕಂಡುಹಿಡೀಲಿಕ್ಕೆ ನಾನು ಮಕ್ಕಳಿಗೆ ಹೇಳ್ತಿದ್ದದ್ದು ಇಷ್ಟು: ಕಾಮಾದ ಮೇಲೆ ಬೆರಳಿಡು. ಎಡಗಡೆ ಇದ್ದದ್ದನ್ನು ಮಾತ್ರ ಓದು, ಅದು ತಾನಾಗಿ ನಿಲ್ತದಾ? ಬಲಗಡೆಯದ್ದನ್ನು ಮಾತ್ರ ಓದು, ಅದೂ ನಿಲ್ತದಾ? ಎರಡೂ ನಿಂತ್ರೆ ಕಾಮಾ ಒಂದೇ ಸಾಲದು. "ದ ಲಾರಿ ಕೇಮ್ ಲೇಟ್" ನಿಲ್ತದೆ. "ದ ವರ್ಕರ್ಸ್ ಹ್ಯಾಡ್ ಗಾನ್ ಹೋಮ್" ಅದೂ ನಿಲ್ತದೆ. ಹಾಗಾದ್ರೆ ಒಂದೋ ಫುಲ್‌ಸ್ಟಾಪ್ ಹಾಕು, ಇಲ್ಲ ಸೆಮಿಕೋಲನ್ ಹಾಕು, ಇಲ್ಲ ಕಾಮಾ ಆದ ಮೇಲೆ ಆಂಡ್, ಬಟ್, ಸೋ, ಆರ್, ಯೆಟ್ ಇಂಥದ್ದೊಂದು ಸೇರಿಸು, ಇಲ್ಲ ಒಂದನ್ನು ಇನ್ನೊಂದರ ಅಡಿಗೆ ತಾ. ನಾನಾದ್ರೆ ನಿನ್ನ ವಾಕ್ಯ ಹೀಗೆ ಬರೀತೇನೆ: "ಬೈ ದ ಟೈಮ್ ದ ಲಾರಿ ಕೇಮ್, ದ ವರ್ಕರ್ಸ್ ಹ್ಯಾಡ್ ಗಾನ್ ಹೋಮ್, ಸೋ ವಿ ಅನ್‌ಲೋಡೆಡ್ ದ ಬ್ಯಾಗ್ಸ್ ದ ನೆಕ್ಸ್ಟ್ ಡೇ." ಇದರಲ್ಲೂ ಎರಡು ಕಾಮಾ ಉಂಟು ನೋಡು, ಆದ್ರೆ ಮೊದಲನೆಯದರ ಎಡಗಡೆ "ಬೈ ದ ಟೈಮ್ ದ ಲಾರಿ ಕೇಮ್" ತಾನಾಗಿ ನಿಲ್ಲೋದಿಲ್ಲ, ಎರಡನೆಯದು ಆದ ಮೇಲೆ ಸೋ ಉಂಟು. ಎರಡೂ ಗಟ್ಟಿ.

ಉಸಿರು ನಿಲ್ಲಿಸುವ ಕಡೆ ಕಾಮಾ ಅಂತ ಕಲಿಸಿದ್ದನ್ನು ಬಿಟ್ಟುಬಿಡು. ಒಬ್ಬೊಬ್ಬರ ಉಸಿರು ಒಂದೊಂದು ಥರ. ತಾಳಮದ್ದಳೆಯಲ್ಲಿ ಅರ್ಥ ಹೇಳುವವರ ಉಸಿರಿಗೆ ಸರಿಯಾಗಿ ಕಾಮಾ ಹಾಕ್ಲಿಕ್ಕೆ ಹೊರಟ್ರೆ ಒಬ್ಬರ ವಾಕ್ಯಕ್ಕೆ ಒಂದು ಕಾಮಾ, ಇನ್ನೊಬ್ಬರ ಅದೇ ವಾಕ್ಯಕ್ಕೆ ಒಂಬತ್ತು.

ಪೆರ್ಲದ ಟೀಚರ್
ಶನಿವಾರ, ರಾತ್ರಿ 10.48

ಮಾಷ್ಟ್ರೇ, ನಾನೂ ಇಂಗ್ಲಿಷ್ ಟೀಚರ್, ಒಂದು ಮಾತು ಸೇರಿಸ್ತೇನೆ. ಉಸಿರಿನ ಲೆಕ್ಕ ಸುಳ್ಳು ಅಂತ ಪೂರ್ತಿ ತೆಗೆದು ಹಾಕ್ಲಿಕ್ಕೆ ಆಗೋದಿಲ್ಲ, ಈ ಚಿಹ್ನೆಗಳು ಹುಟ್ಟಿದ್ದೇ ಅದಕ್ಕೆ. ಕ್ರಿಸ್ತಪೂರ್ವದಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿ ಬೈಜಾಂಟಿಯಂನ ಅರಿಸ್ಟೋಫನೀಸ್ ಅನ್ನುವ ವಿದ್ವಾಂಸ ಗಟ್ಟಿಯಾಗಿ ಓದುವವರಿಗೆ ಅನುಕೂಲ ಆಗ್ಲಿ ಅಂತ ಸಾಲಿನ ಕೆಳಗೆ, ನಡುವೆ, ಮೇಲೆ ಹೀಗೆ ಮೂರು ಎತ್ತರದಲ್ಲಿ ಚುಕ್ಕಿ ಇಡುವ ಪದ್ಧತಿ ತಂದ. ಕಾಮಾ ಅಂದ್ರೆ ಗ್ರೀಕ್‌ನಲ್ಲಿ ಕತ್ತರಿಸಿದ ತುಂಡು, ಕೋಲನ್ ಅಂದ್ರೆ ಅಂಗ. ಮೊದಲು ಅವು ಮಾತಿನ ತುಂಡುಗಳ ಹೆಸರಾಗಿತ್ತು, ಆಮೇಲೆ ಚಿಹ್ನೆಗಳ ಹೆಸರಾಯ್ತು. ಸೆಮಿಕೋಲನ್ ತುಂಬಾ ತಡ, 1490ರ ದಶಕದಲ್ಲಿ ವೆನಿಸ್‌ನ ಮುದ್ರಕ ಆಲ್ಡಸ್ ಮನುಟಿಯಸ್ ಅಚ್ಚು ಹಾಕಿಸಿದ್ದು.

ಮತ್ತೆ 1795ರಲ್ಲಿ ಲಿಂಡ್ಲಿ ಮರ್ರೆಯ ಇಂಗ್ಲಿಷ್ ಗ್ರಾಮರ್ ಬಂತಲ್ಲ, ಅದರಲ್ಲಿ ಸೆಮಿಕೋಲನ್ ನಿಲುಗಡೆ ಕಾಮಾದ ಎರಡರಷ್ಟು, ಕೋಲನ್ ಅದರ ಎರಡರಷ್ಟು, ಫುಲ್‌ಸ್ಟಾಪ್ ಅದರ ಎರಡರಷ್ಟು ಅಂತ ಲೆಕ್ಕ ಕೊಟ್ಟಿದೆ. ಒಂದು, ಎರಡು, ನಾಲ್ಕು, ಎಂಟು. ನಮ್ಮ ಶಾಲೆಗಳಲ್ಲಿ ಎಣಿಸಿ ನಿಲ್ಲಿಸ್ಲಿಕ್ಕೆ ಕಲಿಸೋದು ಅದೇ ಜಾತಿಯ ಲೆಕ್ಕ. ಕನ್ನಡದಲ್ಲಿ ಹೆಸರೂ ಹಾಗೆಯೇ ಬಂತು, ಅಲ್ಪವಿರಾಮ, ಅರ್ಧವಿರಾಮ, ಪೂರ್ಣವಿರಾಮ, ಎಲ್ಲದರಲ್ಲೂ ವಿರಾಮವೇ. ಹೆಸರು ಕೇಳಿದ ಮಗು ನಿಲ್ಲಿಸುವ ಜಾಗ ಅಂತಲೇ ತಿಳ್ಕೊಳ್ತದೆ, ಮಗುವಿನ ತಪ್ಪೆಂತ? ಓದ್ಲಿಕ್ಕೆ ಆ ಲೆಕ್ಕ ಸರಿ. ಬರೀಲಿಕ್ಕೆ ಮಾತ್ರ ಈಗಿನ ಇಂಗ್ಲಿಷಲ್ಲಿ ವಾಕ್ಯದ ಕಟ್ಟು ನೋಡಿಯೇ ಹಾಕ್ಬೇಕು. ಈ ವ್ಯತ್ಯಾಸವನ್ನು ನಾವು ಟೀಚರುಗಳು ಬಾಯಿಬಿಟ್ಟು ಹೇಳೋದಿಲ್ಲ, ಅದು ನಮ್ಮ ತಪ್ಪು, ನನ್ನದೂ ಸೇರಿ.

ಕುಂಬಳೆ ಮಾಷ್ಟ್ರು
ಶನಿವಾರ, ರಾತ್ರಿ 10.55

ಟೀಚರ್ ಹೇಳಿದ್ದು ಸರಿ, ಒಪ್ಪಿದೆ. ಓಲೆಗರಿಯ ಕಾಲದಲ್ಲಿ ನಮಗೆ ಒಂಟಿ ಗೆರೆ, ಜೋಡಿ ಗೆರೆ ಬಿಟ್ರೆ ಹೆಚ್ಚೇನೂ ಬೇಕಾಗಿರಲಿಲ್ಲ, ಕಾಮಾ ಬಂದದ್ದು ಅಚ್ಚಿನ ಜೊತೆಗೆ. ಭಾಷೆಯೇ ಆ ಕೆಲಸ ಮಾಡ್ತಿತ್ತು.

ಮುಳ್ಳೇರಿಯ ಬೈಕ್
ಶನಿವಾರ, ರಾತ್ರಿ 11.02

ಹಾಗಾದ್ರೆ "ಐ ಕೇಮ್, ಐ ಸಾ, ಐ ಕಾಂಕರ್ಡ್" ಅಂತ ಎಲ್ಲಾ ಕಡೆ ಬರೀತಾರಲ್ಲ ಮಾಷ್ಟ್ರೇ, ಅದರಲ್ಲಿ ಬೆರಳಿಟ್ರೆ ಮೂರೂ ನಿಲ್ತದೆ, ಅದು ತಪ್ಪಾ?

ಕುಂಬಳೆ ಮಾಷ್ಟ್ರು
ಶನಿವಾರ, ರಾತ್ರಿ 11.15

ಒಳ್ಳೆ ಪ್ರಶ್ನೆ. ತಪ್ಪಲ್ಲ. ಸೀಸರನ ಲ್ಯಾಟಿನ್ ಮಾತು, ಮೂರೂ ತುಂಡು ಪುಟ್ಟದು, ಒಂದೇ ಅಳತೆಯದ್ದು, ಒಂದೇ ಕರ್ತೃ. ಹಾಗಿದ್ದಾಗ ಇಂಗ್ಲಿಷ್ ಬಿಡ್ತದೆ. ಕಥೆ ಬರೆಯುವವರು ಬೇಕೆಂತಲೇ ಇದಕ್ಕಿಂತ ಉದ್ದದ್ದನ್ನೂ ಹಾಗೆ ಕಟ್ತಾರೆ. ಆದ್ರೆ ಲಾರಿ ಬೇರೆ, ಆಳು ಬೇರೆ, ನಾವು ಬೇರೆ, ಮೂರು ಕರ್ತೃ ಇರುವ ಆಫೀಸ್ ರಿಪೋರ್ಟಿಗೆ ಆ ವಿನಾಯಿತಿ ಸಿಗೋದಿಲ್ಲ.

ಬದಿಯಡ್ಕದವಳು
ಶನಿವಾರ, ರಾತ್ರಿ 11.30

ಮಾಷ್ಟ್ರೇ, ಬೆರಳಿಟ್ಟು ನೋಡಿದೆ. ಹದಿನಾಲ್ಕರಲ್ಲಿ ಆರು ಅದೇ ಥರದ್ದು!! ಇಷ್ಟು ದಿನ ಯಾರೂ ಹೀಗೆ ಹೇಳಿಯೇ ಇರಲಿಲ್ಲ. ಅಮ್ಮನಿಗೂ ತೋರಿಸಿದೆ. ಮತ್ತೆ ಹೌವೆವರ್‌ದು ಎಂತ? ಅದೂ ಬಟ್ ಥರವೇ ಅಲ್ವಾ, ಕನ್ನಡದಲ್ಲಿ ಎರಡಕ್ಕೂ ಆದರೆ ಅಂತಲೇ ಹೇಳೋದು.

ಪೆರ್ಲದ ಟೀಚರ್
ಭಾನುವಾರ, ಬೆಳಿಗ್ಗೆ 7.10

ಅರ್ಥ ಒಂದೇ, ಜಾತಿ ಬೇರೆ. ಬಟ್ ಕೂಡಿಸುವ ಪದ, ಹೌವೆವರ್ ಹಾಗಲ್ಲ. ನೋಡ್ಲಿಕ್ಕೆ ಸುಲಭ ದಾರಿ ಉಂಟು, ಅದನ್ನು ವಾಕ್ಯದೊಳಗೆ ಜಾಗ ಬದಲಿಸಿ ನೋಡಿ. "ದ ಫಾರ್ಮರ್ಸ್, ಹೌವೆವರ್, ಡಿಡ್ ನಾಟ್ ಸೆಲ್" ಅಂತ ನಡುವಿಗೆ ತರಬಹುದು, "ದ ಫಾರ್ಮರ್ಸ್ ಡಿಡ್ ನಾಟ್ ಸೆಲ್, ಹೌವೆವರ್" ಅಂತ ಕೊನೆಗೂ ಕೊಂಡೋಗಬಹುದು. ಬಟ್ ಅನ್ನು ಹಾಗೆ ಕದಲಿಸ್ಲಿಕ್ಕೆ ಆಗೋದಿಲ್ಲ, ಎರಡು ವಾಕ್ಯದ ಸಂದಿಯಲ್ಲೇ ಕೂತಿರ್ಬೇಕು. ಕದಲುವ ಪದಕ್ಕೆ ಎರಡನ್ನು ಹಿಡಿದಿಡುವ ಶಕ್ತಿ ಇಲ್ಲ, ಹಾಗಾಗಿ ಅದರ ಹಿಂದೆ ಸೆಮಿಕೋಲನ್ ಬೇಕು, ಮುಂದೆ ಒಂದು ಕಾಮಾ. "ದ ರೇಟ್ ರೋಸ್ ಇನ್ ಜೂನ್; ಹೌವೆವರ್, ದ ಫಾರ್ಮರ್ಸ್ ಡಿಡ್ ನಾಟ್ ಸೆಲ್." ದೇರ್‌ಫೋರ್, ಮೋರೋವರ್, ಅದರ್‌ವೈಸ್ ಎಲ್ಲ ಇದೇ ಪಂಗಡ. ಸೆಮಿಕೋಲನ್ ಕಷ್ಟ ಅನಿಸಿದ್ರೆ ಫುಲ್‌ಸ್ಟಾಪ್ ಹಾಕಿ ಹೊಸ ವಾಕ್ಯ ಶುರು ಮಾಡಿ, ಯಾರೂ ಸುತ್ತು ಹಾಕೋದಿಲ್ಲ.

ನೀರ್ಚಾಲಿನ ತೋಟ
ಭಾನುವಾರ, ಬೆಳಿಗ್ಗೆ 8.30

ತೋಟಕ್ಕೆ ನೀರು ಬಿಟ್ಟು ಬಂದು ಓದಿದೆ. ಆ ಒದ್ದೆ ಮೂಟೆಯದ್ದು ಯಾರೂ ಹೇಳ್ಲಿಲ್ಲ. ನನಗೆ ಅದು ಬೇಕು, ಮೂಟೆ ವಾಪಸ್ ಬರೋದು ನಮ್ಮಂಥವರಿಗೆ.

ಕುಂಬಳೆ ಮಾಷ್ಟ್ರು
ಭಾನುವಾರ, ಬೆಳಿಗ್ಗೆ 9.40

ಅಣ್ಣಾ, ಅದನ್ನು ಬೇಕೆಂತಲೇ ಹಗಲಿಗೆ ಇಟ್ಟದ್ದು, ನಾಲ್ಕರಲ್ಲಿ ದುಡ್ಡಿನ ವಾಕ್ಯ ಅದೊಂದೇ.

"ದ ಬ್ಯಾಗ್ಸ್ ವಿಚ್ ವರ್ ವೆಟ್, ವರ್ ರಿಟರ್ನ್ಡ್." ಇಲ್ಲಿ ಒಂದು ಕಾಮಾ ಉಂಟು. ಇಂಗ್ಲಿಷಲ್ಲಿ ಈ ಜಾಗದಲ್ಲಿ ಒಂದು ಅನ್ನೋದು ಇಲ್ಲ. ಸೊನ್ನೆ ಇರ್ಬೇಕು, ಇಲ್ಲ ಎರಡು ಇರ್ಬೇಕು. ಸೊನ್ನೆ ಹಾಕಿ ನೋಡು: "ದ ಬ್ಯಾಗ್ಸ್ ವಿಚ್ ವರ್ ವೆಟ್ ವರ್ ರಿಟರ್ನ್ಡ್." ಅಂದ್ರೆ ಲೋಡಿನಲ್ಲಿ ಕೆಲವು ಒದ್ದೆ, ಕೆಲವು ಒಣ, ಒದ್ದೆಯಾದದ್ದು ಮಾತ್ರ ವಾಪಸ್. ಎರಡು ಹಾಕು: "ದ ಬ್ಯಾಗ್ಸ್, ವಿಚ್ ವರ್ ವೆಟ್, ವರ್ ರಿಟರ್ನ್ಡ್." ಈಗ ಇಡೀ ಲೋಡೇ ಒದ್ದೆ, ಇಡೀ ಲೋಡೇ ವಾಪಸ್. ಎರಡು ಕಾಮಾದ ನಡುವೆ ಇದ್ದದ್ದು ಬರೀ ಹೆಚ್ಚುವರಿ ಮಾಹಿತಿ, ತೆಗೆದು ಹಾಕಿದ್ರೂ "ದ ಬ್ಯಾಗ್ಸ್ ವರ್ ರಿಟರ್ನ್ಡ್" ಅಂತ ವಾಕ್ಯ ಉಳೀತದೆ. ನಲುವತ್ತು ಮೂಟೆ ಹೋಗಿ ಆರು ವಾಪಸ್ ಬಂತಾ, ನಲುವತ್ತೂ ವಾಪಸ್ ಬಂತಾ, ಇಂಗ್ಲಿಷಲ್ಲಿ ಅದನ್ನು ಹೇಳೋದು ಎರಡು ಸಣ್ಣ ಬಾಲದ ಚುಕ್ಕಿ.

ಕನ್ನಡದಲ್ಲಿ ನಾವು ಇದಕ್ಕೆ ವಾಕ್ಯವನ್ನೇ ಬದಲಿಸ್ತೇವೆ. ಕೆಲವು ಮಾತ್ರ ಆದ್ರೆ "ಒದ್ದೆಯಾದ ಮೂಟೆಗಳನ್ನು ವಾಪಸ್ ಕಳಿಸಿದೆವು". ಎಲ್ಲವೂ ಆದ್ರೆ "ಮೂಟೆಗಳೆಲ್ಲ ಒದ್ದೆಯಾಗಿದ್ವು, ವಾಪಸ್ ಕಳಿಸಿದೆವು". ಕಾಮಾವನ್ನು ನಂಬಿ ಕೂತ್ಕೊಳ್ಳುವ ಅಗತ್ಯ ನಮಗೆ ಬೀಳೋದಿಲ್ಲ. ಅದಕ್ಕೇ ಇಂಗ್ಲಿಷಲ್ಲಿ ಅದರ ತೂಕ ನಮಗೆ ಬೇಗ ಗೊತ್ತಾಗೋದಿಲ್ಲ.

ಗೊಂದಲ ಬೇಡ ಅಂತಾದ್ರೆ ಕೆಲವು ಮಾತ್ರ ಅಂತ ಹೇಳುವಾಗ ವಿಚ್ ಬದಲು ದ್ಯಾಟ್ ಹಾಕು, ಕಾಮಾ ಹಾಕ್ಬೇಡ. "ದ ಬ್ಯಾಗ್ಸ್ ದ್ಯಾಟ್ ವರ್ ವೆಟ್ ವರ್ ರಿಟರ್ನ್ಡ್." ಅಮೆರಿಕದವರು ಹೆಚ್ಚಾಗಿ ಹೀಗೆಯೇ ಬರೆಯೋದು, ಬ್ರಿಟಿಷ್ ಇಂಗ್ಲಿಷಲ್ಲಿ ಕಾಮಾ ಇಲ್ಲದ ವಿಚ್ ಕೂಡ ನಡೀತದೆ.

ಉಪ್ಪಳ ಟು ಶಾರ್ಜಾ
ಭಾನುವಾರ, ಬೆಳಿಗ್ಗೆ 10.25

ಮಾಷ್ಟ್ರೇ, ಈಗ ನನ್ನ ಆಪಲ್ಲಿ ನೋಡಿದೆ. "ಮೈ ಬ್ರದರ್ ಹೂ ಈಸ್ ಇನ್ ದುಬೈ ವಿಲ್ ಸೆಂಡ್ ದ ಮನಿ" ಅಂತ ಬರೆದೆ, ಕಾಮಾ ಇಲ್ಲದೆ. ಅದು ಎರಡು ಕಾಮಾ ಸೇರಿಸು ಅಂತ ಹೇಳ್ತು. ಸೇರಿಸಿದ್ರೆ ನನಗೆ ಒಬ್ಬನೇ ಅಣ್ಣ, ಅವನು ದುಬೈಲಿ ಅಂತ ಆಗ್ತದಲ್ವಾ? ನನಗೆ ಮೂವರು ಅಣ್ಣಂದಿರು, ಒಬ್ಬ ದುಬೈ, ಒಬ್ಬ ದೋಹಾ, ಒಬ್ಬ ಊರಲ್ಲೇ.

ಕುಂಬಳೆ ಮಾಷ್ಟ್ರು
ಭಾನುವಾರ, ಬೆಳಿಗ್ಗೆ 10.31

ಸರಿಯಾಗಿ ಹಿಡಿದಿ. ನಿನಗೆ ಎಷ್ಟು ಅಣ್ಣಂದಿರು ಅಂತ ಆಪಿಗೆ ಗೊತ್ತಿಲ್ಲ, ಎಷ್ಟು ಮೂಟೆ ಒದ್ದೆಯಾದದ್ದು ಅಂತಲೂ ಗೊತ್ತಿಲ್ಲ. ನಿನ್ನ ವಾಕ್ಯ ಕಾಮಾ ಇಲ್ಲದೆಯೇ ಸರಿ.

ಉಪ್ಪಳ ಟು ಶಾರ್ಜಾ
ಭಾನುವಾರ, ಬೆಳಿಗ್ಗೆ 10.36

ನಿನ್ನೆ ಹೇಳಿದ್ದು ವಾಪಸ್ ತಗೊಳ್ತೇನೆ ತಂಗಿ. ಆಪ್ ಬಳಸಿ, ಆದ್ರೆ ಅದು ಹೇಳಿದಲ್ಲೆಲ್ಲ ಓಕೆ ಒತ್ಬೇಡಿ.

ವಕೀಲರ ಗುಮಾಸ್ತ
ಭಾನುವಾರ, ಮಧ್ಯಾಹ್ನ 12.15

ಇಂದು ರಜೆ, ಪೂರ್ತಿ ಓದಿದೆ. ನಾನು ಕಾಸರಗೋಡಲ್ಲಿ ವಕೀಲರ ಹತ್ರ ಹದಿನೆಂಟು ವರ್ಷದಿಂದ ಡ್ರಾಫ್ಟ್ ಟೈಪ್ ಮಾಡೋದು, ಓದಿದ್ದು ಕನ್ನಡ ಮೀಡಿಯಮ್ಮೇ. ಸೆಮಿಕೋಲನ್ ನಾನು ಕಲಿತದ್ದು ಗ್ರಾಮರ್ ಪುಸ್ತಕದಿಂದ ಅಲ್ಲ, ನಮ್ಮ ಸಂವಿಧಾನದ ಪೀಠಿಕೆಯಿಂದ. ಇಂಗ್ಲಿಷ್ ಪೀಠಿಕೆ ಮುಂದಿಟ್ಟು ನೋಡಿ. "ಜಸ್ಟೀಸ್, ಸೋಷಿಯಲ್, ಇಕನಾಮಿಕ್ ಆಂಡ್ ಪೊಲಿಟಿಕಲ್;" ಅಲ್ಲಿಗೆ ಸೆಮಿಕೋಲನ್. "ಲಿಬರ್ಟಿ ಆಫ್ ಥಾಟ್, ಎಕ್ಸ್‌ಪ್ರೆಶನ್, ಬಿಲೀಫ್, ಫೇತ್ ಆಂಡ್ ವರ್ಶಿಪ್;" ಮತ್ತೆ ಸೆಮಿಕೋಲನ್. ಆಮೇಲೆ ಈಕ್ವಾಲಿಟಿ. ನ್ಯಾಯದೊಳಗಿನ ಮೂರಕ್ಕೆ ಕಾಮಾ, ಸ್ವಾತಂತ್ರ್ಯದೊಳಗಿನ ಐದಕ್ಕೆ ಕಾಮಾ, ನ್ಯಾಯ ಮುಗಿದು ಸ್ವಾತಂತ್ರ್ಯ ಶುರುವಾಗುವಲ್ಲಿ ಸೆಮಿಕೋಲನ್. ಎಲ್ಲದಕ್ಕೂ ಕಾಮಾ ಒಂದನ್ನೇ ಹಾಕಿದ್ರೆ ಪೊಲಿಟಿಕಲ್ ಯಾವುದಕ್ಕೆ ಸೇರಿದ್ದು, ಲಿಬರ್ಟಿ ಎಲ್ಲಿಂದ ಶುರು ಅಂತ ಕಣ್ಣಿಗೆ ಸಿಗೋದೇ ಇಲ್ಲ. ಮೊದಲ ಸಲ ಅದನ್ನು ಗಮನಿಸಿದ ದಿನ ನನಗೆ ಆದ ಸಂತೋಷ ಈಗಲೂ ನೆನಪುಂಟು, ಅಷ್ಟು ಸಣ್ಣ ಚಿಹ್ನೆ ಅಷ್ಟು ದೊಡ್ಡ ಮಾತುಗಳನ್ನು ಅದರದರ ಮನೆಯಲ್ಲಿ ಕೂರಿಸಿದೆ.

ಶುರುವನ್ನೂ ನೋಡಿ. "ವಿ, ದ ಪೀಪಲ್ ಆಫ್ ಇಂಡಿಯಾ, ಹ್ಯಾವಿಂಗ್ ಸಾಲೆಮ್ನ್ಲಿ ರಿಸಾಲ್ವ್ಡ್". ಮಾಷ್ಟ್ರು ಹೇಳಿದ ಜೋಡಿ ಕಾಮಾ ಅದೇ. ನಾವು, ಅಂದ್ರೆ ಯಾರು, ಭಾರತದ ಜನ. ಅಮೆರಿಕದವರ ಪೀಠಿಕೆಯಲ್ಲಿ "ವಿ ದ ಪೀಪಲ್" ಅಂತ ಕಾಮಾ ಇಲ್ಲದೆಯೇ ಶುರು ಆಗ್ತದೆ, ನಮ್ಮದರಲ್ಲಿ ಹಾಕಿದ್ದಾರೆ.

ನಿಮ್ಮ ರಿಪೋರ್ಟಿಗೆ ಇದು ಬೇಕಾಗೋದು ಊರುಗಳ ಪಟ್ಟಿ ಬರೆಯುವಾಗ. "ಲೋಡ್ಸ್ ಕೇಮ್ ಫ್ರಮ್ ಬದಿಯಡ್ಕ, ಕಾಸರಗೋಡು; ವಿಟ್ಲ, ದಕ್ಷಿಣ ಕನ್ನಡ; ಆಂಡ್ ಮಡಿಕೇರಿ, ಕೊಡಗು." ಬರೀ ಕಾಮಾ ಹಾಕಿದ್ರೆ ಗುಜರಾತಿನವರಿಗೆ ಮೂರು ಊರಾ, ಆರು ಊರಾ ಅಂತ ಹೇಗೆ ಗೊತ್ತಾಗ್ಬೇಕು?

ಬದಿಯಡ್ಕದವಳು
ಭಾನುವಾರ, ಮಧ್ಯಾಹ್ನ 12.50

ಅಣ್ಣಾ, ಪೀಠಿಕೆ ಶಾಲೆಯಲ್ಲಿ ಎಷ್ಟು ಸಲ ಬಾಯಿಪಾಠ ಹೇಳಿದ್ದೇವೆ, ಸೆಮಿಕೋಲನ್ ನೋಡಿದ್ದು ಇಂದೇ. ಒಂದು ಸಂಶಯ. ಅದರಲ್ಲೇ "ಆಂಡ್ ಟು ಸೆಕ್ಯೂರ್ ಟು ಆಲ್ ಇಟ್ಸ್ ಸಿಟಿಜನ್ಸ್:" ಅಂತ ಕೋಲನ್ ಉಂಟು. ನಾನು "ದ ಗ್ರೇಡ್ಸ್ ವಿ ಬಾಟ್ ಆರ್:" ಅಂತ ಹಾಕಿದ್ದಕ್ಕೆ ಸುತ್ತು ಬಿತ್ತು. ಎರಡೂ ಒಂದೇ ಥರ ಅಲ್ವಾ, ಮಾತು ಮುಗಿಯುವ ಮೊದಲೇ ಕೋಲನ್?

ಪೆರ್ಲದ ಟೀಚರ್
ಭಾನುವಾರ, ಮಧ್ಯಾಹ್ನ 1.20

ಎಷ್ಟು ಚೆಂದ ಗಮನಿಸಿದ್ರಿ! ಹೌದು, ಒಂದೇ ಥರ. ಪೀಠಿಕೆಯಲ್ಲಿ ಕೋಲನ್ ಆದ ಮೇಲೆ ಒಂದೊಂದೂ ಬೇರೆ ಸಾಲಿಗೆ ಇಳಿದಿದೆ, ಕಾನೂನಿನ ಬರವಣಿಗೆಯಲ್ಲಿ ಹಾಗೆ ಸಾಲು ಸಾಲಾಗಿ ಇಳಿಸುವಾಗ ಅರ್ಧ ವಾಕ್ಯಕ್ಕೂ ಕೋಲನ್ ಹಾಕೋದುಂಟು. ಸಾಮಾನ್ಯ ಬರವಣಿಗೆಯಲ್ಲಿ, ಒಂದೇ ಸಾಲಲ್ಲಿ ಓಡುವ ವಾಕ್ಯದಲ್ಲಿ, ಕೋಲನ್ನಿನ ಎಡಗಡೆ ಇದ್ದದ್ದು ಪೂರ್ತಿ ವಾಕ್ಯ ಆಗಿರ್ಬೇಕು. "ದ ಗ್ರೇಡ್ಸ್ ವಿ ಬಾಟ್ ಆರ್" ಪೂರ್ತಿ ಆಗಿಲ್ಲ, ಆರ್ ಕೈ ಚಾಚಿ ನಿಂತಿದೆ. ಕೋಲನ್ ತೆಗೆದುಬಿಡಿ, ಏನೂ ಹಾಕ್ಬೇಡಿ. ಕೋಲನ್ ಬೇಕೇ ಬೇಕು ಅಂದ್ರೆ "ವಿ ಬಾಟ್ ಫೋರ್ ಗ್ರೇಡ್ಸ್: ಹೊಸ ಚಾಲಿ, ಹಳೆ ಚಾಲಿ, ಪಟೋರ ಆಂಡ್ ಕರಿಗೋಟು". ಸಚ್ ಆ್ಯಸ್, ಇನ್‌ಕ್ಲೂಡಿಂಗ್ ಇವುಗಳ ಮುಂದೆಯೂ ಕೋಲನ್ ಬೇಡ.

ಕೋಲನ್ ಕೆಲಸ ಪಟ್ಟಿಗೆ ಮಾತ್ರ ಅಲ್ಲ. ಮೊದಲ ಮಾತು ಒಂದು ನಿರೀಕ್ಷೆ ಹುಟ್ಟಿಸಿದ್ರೆ ಎರಡನೇದು ಅದನ್ನು ಬಿಡಿಸಿ ಹೇಳುವಾಗಲೂ ಬರ್ತದೆ. "ದೇರ್ ವಾಸ್ ಒನ್ ಪ್ರಾಬ್ಲಮ್: ದ ಗೋಡೌನ್ ರೂಫ್ ಲೀಕ್ಡ್." ಇಲ್ಲಿ ಸೆಮಿಕೋಲನ್ ಹಾಕಿದ್ರೆ ಎರಡೂ ಅಕ್ಕಪಕ್ಕ ಸಮನಾಗಿ ಕೂತ ಹಾಗೆ ಆಗ್ತದೆ, ಕೋಲನ್ ಹಾಕಿದ್ರೆ ಎರಡನೇದು ಮೊದಲನೇದಕ್ಕೆ ಉತ್ತರ.

ವಕೀಲರ ಗುಮಾಸ್ತ
ಭಾನುವಾರ, ಮಧ್ಯಾಹ್ನ 1.45

ಟೀಚರ್ ಹೇಳಿದ್ದಕ್ಕೆ ಒಂದು ಸೇರಿಸ್ಲಾ. ನಮ್ಮ ಆಕ್ಟುಗಳಲ್ಲಿ ಒಂದು ಸೆಕ್ಷನ್ ಹೇಳಿ ಅದಕ್ಕೆ ವಿನಾಯಿತಿ ಕೊಡುವಾಗ ಕೋಲನ್ ಹಾಕಿ ಹೊಸ ಸಾಲಲ್ಲಿ "ಪ್ರೊವೈಡೆಡ್ ದ್ಯಾಟ್" ಅಂತ ಶುರು ಮಾಡ್ತಾರೆ. ಎ, ಬಿ, ಸಿ ಅಂತ ಬರುವ ಉಪಭಾಗಗಳ ಕೊನೆಗೆಲ್ಲ ಸೆಮಿಕೋಲನ್, ಕೊನೆಯದರ ಹಿಂದಿನದಕ್ಕೆ ಸೆಮಿಕೋಲನ್ ಆದ ಮೇಲೆ ಆಂಡ್ ಅಥವಾ ಆರ್. ಆ ಒಂದು ಪದದ ಮೇಲೆ ಎಲ್ಲಾ ಷರತ್ತೂ ಬೇಕಾ, ಒಂದಾದ್ರೂ ಸಾಕಾ ಅಂತ ನಿಂತಿರ್ತದೆ. ಟೈಪ್ ಮಾಡುವಾಗ ನಾನು ಅದನ್ನು ಎರಡೆರಡು ಸಲ ನೋಡ್ತೇನೆ.

ಮುಳ್ಳೇರಿಯ ಬೈಕ್
ಭಾನುವಾರ, ಮಧ್ಯಾಹ್ನ 2.30

ಪಟೋರ ಆಂಡ್ ಕರಿಗೋಟು, ಆಂಡ್ ಹಿಂದೆ ಕಾಮಾ ಬೇಕಾ ಬೇಡ್ವಾ? ನಮ್ಮ ಕಾಲೇಜಲ್ಲಿ ಒಬ್ಬರು ಹಾಕಿ ಅಂತಾರೆ, ಒಬ್ಬರು ಹಾಕಿದ್ರೆ ಮಾರ್ಕ್ ಕಟ್.

ಪೆರ್ಲದ ಟೀಚರ್
ಭಾನುವಾರ, ಸಂಜೆ 4.05

ಎರಡೂ ಸರಿ. ಅದಕ್ಕೆ ಆಕ್ಸ್‌ಫರ್ಡ್ ಕಾಮಾ ಅಂತಾರೆ, ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನವರು ತಮ್ಮ ಪುಸ್ತಕಗಳಲ್ಲಿ ಹಾಕುವ ಪದ್ಧತಿ. ಪೀಠಿಕೆಯಲ್ಲಿ "ಇಕನಾಮಿಕ್ ಆಂಡ್ ಪೊಲಿಟಿಕಲ್" ಅಂತ ಇಲ್ಲದೆಯೇ ಬರೆದಿದ್ದಾರೆ. ಅದಕ್ಕೆ ಮಾರ್ಕ್ ಕಟ್ ಮಾಡೋದು ನನಗೆ ಸರಿ ಕಾಣೋದಿಲ್ಲ. ಒಂದು ಬರವಣಿಗೆಯಲ್ಲಿ ಒಂದೇ ರೀತಿ ಇರ್ಲಿ, ಮತ್ತೆ ಗೊಂದಲ ಆಗುವಲ್ಲಿ ಹಾಕ್ಲೇಬೇಕು.

ವಕೀಲರ ಗುಮಾಸ್ತ
ಭಾನುವಾರ, ಸಂಜೆ 4.40

ಆ ಗೊಂದಲಕ್ಕೆ ದೊಡ್ಡ ಕೇಸೇ ಆಗಿದೆ. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಡೈರಿಯ ಡ್ರೈವರುಗಳು ಓವರ್‌ಟೈಮ್ ಕೇಳಿ ಕೋರ್ಟಿಗೆ ಹೋದ್ರು. ಯಾವ ಕೆಲಸಗಳಿಗೆ ಓವರ್‌ಟೈಮ್ ಇಲ್ಲ ಅಂತ ಕಾನೂನಲ್ಲಿ ಒಂದು ಪಟ್ಟಿ ಇತ್ತು, ಅದರ ಕೊನೆ "ಸ್ಟೋರಿಂಗ್, ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್". ಶಿಪ್‌ಮೆಂಟ್ ಆದ ಮೇಲೆ ಕಾಮಾ ಇಲ್ಲ. ಸಾಗಿಸೋದು ಪಟ್ಟಿಯಲ್ಲಿ ಬೇರೆಯೇ ಕೆಲಸ ಅಂತ ಕಂಪನಿ. ಅಲ್ಲ, ಅಲ್ಲಿ ಇರೋದು ಪ್ಯಾಕಿಂಗ್ ಮಾತ್ರ, ಸಾಗಿಸ್ಲಿಕ್ಕೆ ಮಾಡುವ ಪ್ಯಾಕಿಂಗ್, ನಾವು ಪ್ಯಾಕ್ ಮಾಡೋದಿಲ್ಲ ಅಂತ ಡ್ರೈವರುಗಳು. 2017ರಲ್ಲಿ ಮೇಲಿನ ಕೋರ್ಟು ಡ್ರೈವರುಗಳ ಕಡೆಗೆ ಹೇಳಿತು, 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿ ಆಯ್ತು. ಆಮೇಲೆ ಆ ರಾಜ್ಯ ಪಟ್ಟಿಯನ್ನೇ ತಿದ್ದಿ ಒಂದೊಂದು ಕೆಲಸದ ನಡುವೆಯೂ ಸೆಮಿಕೋಲನ್ ಹಾಕಿತು.

ನೀರ್ಚಾಲಿನ ತೋಟ
ಭಾನುವಾರ, ಸಂಜೆ 5.15

ಅರ್ಥ ಆಗ್ತದಲ್ಲ ಮತ್ತೆಂತ ಬೇಕು ಅಂತ ನಿನ್ನೆ ನಾನೇ ಬರೆದದ್ದು. ಒದ್ದೆ ಮೂಟೆ ಮತ್ತು ಈ ಡ್ರೈವರುಗಳದ್ದು ಓದಿದ ಮೇಲೆ ಹಾಗೆ ಹೇಳ್ಲಿಕ್ಕೆ ಆಗೋದಿಲ್ಲ. ಮಗನಿಗೂ ಓದಿ ಹೇಳಿದೆ, ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಮ್ಮೇ.

ಕುಂಬಳೆ ಮಾಷ್ಟ್ರು
ಭಾನುವಾರ, ಸಂಜೆ 6.00

ಅವನಿಗೆ ಇದನ್ನೂ ಹೇಳಿ ಅಣ್ಣಾ, ಇಂಗ್ಲಿಷಲ್ಲಿ ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಒಂಟಿ ಕಾಮಾ ಬರ್ಲಿಕ್ಕಿಲ್ಲ, ಕರ್ತೃ ಎಷ್ಟೇ ಉದ್ದ ಇರ್ಲಿ. "ನಾನು ಕಳೆದ ತಿಂಗಳು ಕೊಟ್ಟ ಅರ್ಜಿ, ಇನ್ನೂ ಮುಂದೆ ಹೋಗಿಲ್ಲ" ಅಂತ ನಾವು ಹೇಳುವಾಗ ಅರ್ಜಿ ಆದ ಮೇಲೆ ಒಂದು ನಿಲುಗಡೆ ಬರ್ತದೆ, ಆ ರಾಗ ಕಿವಿಯಲ್ಲಿದ್ದು "ದ ಅಪ್ಲಿಕೇಶನ್ ಐ ಗೇವ್ ಲಾಸ್ಟ್ ಮಂತ್, ಹ್ಯಾಸ್ ನಾಟ್ ಮೂವ್ಡ್" ಅಂತ ಬರ್ದುಬಿಡ್ತೇವೆ. ಮತ್ತೆ ಫೋನಲ್ಲಿ ಬರೆಯುವಾಗ ಕಾಮಾದ ಮೊದಲು ಜಾಗ ಬಿಟ್ಟು ಆಮೇಲೆ ಬಿಡದೆ ಇರೋದು ತುಂಬಾ ಕಾಣ್ತೇನೆ. ಕಾಮಾ ಹಿಂದಿನ ಪದಕ್ಕೆ ಅಂಟಿಕೊಂಡೇ ಇರ್ಬೇಕು, ಜಾಗ ಅದರ ನಂತರ.

ಬದಿಯಡ್ಕದವಳು
ಭಾನುವಾರ, ರಾತ್ರಿ 9.30

ಎಲ್ಲರಿಗೂ. ಸಂಜೆಯಿಂದ ಕೂತು ಹದಿನಾಲ್ಕನ್ನೂ ಒಂದೊಂದಾಗಿ ನೋಡಿದೆ, ಪ್ರತಿಯೊಂದರ ಪಕ್ಕದಲ್ಲಿ ಪೆನ್ಸಿಲ್ಲಲ್ಲಿ ಕಾರಣ ಬರೆದೆ. ಎರಡು ವಾಕ್ಯ ಸೇರಿಸಿದ್ದು ಆರು. ಹೌವೆವರ್, ದೇರ್‌ಫೋರ್ ಎರಡು. ಕರ್ತೃವಿನ ಮುಂದೆ ಒಂಟಿ ಕಾಮಾ ಎರಡು, ಒದ್ದೆ ಮೂಟೆ ಅದರಲ್ಲೇ ಸೇರಿ. ವಾಪಸ್ ಬಂದದ್ದು ಆರೇ ಮೂಟೆ, ಹಾಗಾಗಿ ಕಾಮಾ ತೆಗೆದು ದ್ಯಾಟ್ ಹಾಕಿದೆ. ಕೋಲನ್ ಒಂದು. ಹನ್ನೊಂದಾಯ್ತು. ಉಳಿದ ಮೂರಕ್ಕೆ ಎಷ್ಟು ನೋಡಿದ್ರೂ ಕಾರಣ ಸಿಗ್ತಾ ಇಲ್ಲ.

"ವೆನ್ ದ ರೈನ್ಸ್ ಸ್ಟಾರ್ಟೆಡ್, ದ ಅರೈವಲ್ಸ್ ಕೇಮ್ ಡೌನ್." ಎಡಗಡೆ ತಾನಾಗಿ ನಿಲ್ಲೋದಿಲ್ಲ, ಹಾಗಾಗಿ ಕಾಮಾ ಸರಿ ಅಲ್ವಾ?

"ಅವರ್ ಗೋಡೌನ್ ಅಟ್ ಬದಿಯಡ್ಕ, ಕಾಸರಗೋಡು, ವಾಸ್ ಕ್ಲೋಸ್ಡ್ ಫಾರ್ ಟೂ ಡೇಸ್." ಇಲ್ಲಿ ಎರಡನೇ ಕಾಮಾಕ್ಕೆ ಸುತ್ತು. ಒಂಟಿ ಅಲ್ಲ, ಜೋಡಿ ಉಂಟು.

ಮತ್ತೊಂದು, "ವಿಟ್ಲ, ಪುತ್ತೂರು, ಆಂಡ್ ಸುಳ್ಯ". ಆಕ್ಸ್‌ಫರ್ಡ್ ಕಾಮಾ. ನನ್ನ ರಿಪೋರ್ಟಲ್ಲಿ ಬೇರೆ ಕಡೆ ಹಾಕಿಲ್ಲ, ಹಾಗಾಗಿ ಅದನ್ನು ನಾನೇ ತೆಗೆದೆ. ಆದ್ರೆ ತಪ್ಪು ಅಂತ ಒಪ್ಪುವ ಹಾಗಿಲ್ಲ ಅಲ್ವಾ?

ಪೆರ್ಲದ ಟೀಚರ್
ಭಾನುವಾರ, ರಾತ್ರಿ 9.44

ಮೂರೂ ನಿಮ್ಮದೇ ಸರಿ. ಆಕ್ಸ್‌ಫರ್ಡ್ ಕಾಮಾ ತೆಗೆದದ್ದೂ ಸರಿ, ಒಂದೇ ರೀತಿ ಇರ್ಲಿ.

ಕುಂಬಳೆ ಮಾಷ್ಟ್ರು
ಭಾನುವಾರ, ರಾತ್ರಿ 9.52

ಸರಿಯೇ ಮಗಳೇ. ವೆನ್, ಇಫ್, ಬಿಕಾಸ್, ಆಲ್ದೋ ಹೀಗೆ ಶುರುವಾದ ಭಾಗ ಮುಂದೆ ಬಂದ್ರೆ ಅದರ ಕೊನೆಗೆ ಕಾಮಾ ಬೇಕು. ಅದನ್ನೇ ಹಿಂದಕ್ಕೆ ತಂದು "ದ ಅರೈವಲ್ಸ್ ಕೇಮ್ ಡೌನ್ ವೆನ್ ದ ರೈನ್ಸ್ ಸ್ಟಾರ್ಟೆಡ್" ಅಂದ್ರೆ ಬೇಡ. ಮಳೆ ಶುರುವಾದಾಗ ಅಂತ ಮೊದಲು ಹೇಳೋದು ನಮ್ಮ ಭಾಷೆಯ ಕ್ರಮ, ಅದನ್ನು ಇಂಗ್ಲಿಷಿಗೆ ತಂದದ್ದರಲ್ಲೂ ತಪ್ಪಿಲ್ಲ, ಕಾಮಾವನ್ನೂ ಸರಿಯಾಗಿ ಹಾಕಿದ್ದಿ. ನಾಳೆ ಮ್ಯಾನೇಜರ ಹತ್ರ ಆ ಮೂರರ ಬಗ್ಗೆ ಕೇಳು. ಮೆಲ್ಲ ಕೇಳು, ಆದ್ರೆ ಕೇಳು.

ಬದಿಯಡ್ಕದವಳು
ಭಾನುವಾರ, ರಾತ್ರಿ 10.01

ಕೇಳ್ತೇನೆ ಮಾಷ್ಟ್ರೇ. ಅದೇ ಕಾಗದ ತಗೊಂಡು ಹೋಗ್ತೇನೆ, ಪೆನ್ಸಿಲ್ಲಲ್ಲಿ ಬರೆದ ಕಾರಣಗಳೂ ಅದರಲ್ಲೇ ಉಂಟು.